ಎಡಗೈ ರಾಟೆಯ ಜಾಗ

ನನ್ನ ಸೋದರತ್ತೆಯ ಮಗಳು ಗೌರಕ್ಕ ಈ ವರ್ಷ ಚಳ್ಳಕೆರೆಯಲ್ಲಿ ತೀರಿಕೊಂಡಳು. ತಿಥಿ ಮುಗಿಯುವವರೆಗೆ ನಾನು ಅವಳ ಮನೆಯಲ್ಲೇ ಇದ್ದೆ. ಮಾತಾಡಿಸಲು ಬಂದ ಹೆಂಗಸರೆಲ್ಲ, ನೀವಿಬ್ಬರೂ ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದಿರಿ ಎಂದರು. ನಾನು ತಲೆಯಾಡಿಸಿದೆ. ಅದು ಸುಳ್ಳೇನಲ್ಲ. ಆದರೆ ಅವಳ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಜೀವನದಲ್ಲಿ ಇನ್ಯಾರ ಮೇಲೂ ಪಟ್ಟಿಲ್ಲ ಎಂಬುದನ್ನು ಆ ಹೆಂಗಸರಿಗೆ ಹೇಳುವುದು ಹೇಗೆ? ಮನೆಗೆ ಬಂದ ಮೇಲೆ ಅದನ್ನೇ ಬರೆಯೋಣ ಎನಿಸಿತು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು ನಾನು, ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮೂರೇ ಕೋಣೆ. ಬಾಗಿಲು ದಾಟಿದ ಕೂಡಲೇ ಮಗ್ಗದ ಕೋಣೆ, ಅದೇ ದೊಡ್ಡದು. ಅದರ ಹಿಂದೆ ಅಡಿಗೆಮನೆ, ಪಕ್ಕಕ್ಕೆ ಬಚ್ಚಲು. ಅಪ್ಪ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಮಗ್ಗದ ಸದ್ದು ಇರುತ್ತಿತ್ತು. ಅದು ನಿಂತರೆ ಅವ್ವ ಅಡಿಗೆಮನೆಯಿಂದಲೇ ಏನಾಯ್ತು ಎಂದು ಕೇಳುತ್ತಿದ್ದಳು. ಅಪ್ಪ ನೇಯುವಷ್ಟೂ ಹೊತ್ತು ಇನ್ನೊಬ್ಬರು ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಬೇಕು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ರಾಟೆ ತಿರುಗಿಸುತ್ತ ಅದಕ್ಕೆ ನೂಲು ತುಂಬಿಸಿ ಕೊಡುತ್ತಲೇ ಇರಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಆ ಜಾಗ ನನ್ನದಾಗಿತ್ತು. ಅದು ಸಿಕ್ಕಿದ್ದು ಸುಲಭವಾಗಿ ಅಲ್ಲ.

ನಾನು ಹುಟ್ಟುವಾಗ ಭುಜ ಸಿಕ್ಕಿಕೊಂಡಿತಂತೆ. ಸೂಲಗಿತ್ತಿ ತಲೆ ಹಿಡಿದು ಎಳೆದಾಗ ಕುತ್ತಿಗೆಯಿಂದ ಬಲಗೈಗೆ ಬರುವ ನರಗಳಿಗೆ ಪೆಟ್ಟಾಯಿತು. ತಾಯಿ ಮಗು ಇಬ್ಬರೂ ಉಳಿದದ್ದೇ ದೊಡ್ಡದು ಎಂದು ಆಗ ಎಲ್ಲರೂ ಸಮಾಧಾನಪಟ್ಟರು. ಬೆರಳುಗಳಲ್ಲಿ ಹಿಡಿತ ಉಳಿಯಿತು, ಆದರೆ ತೋಳು ಮೇಲೇಳಲಿಲ್ಲ. ಬಲಗೈಯನ್ನು ಬಾಯಿಯವರೆಗೆ ಒಯ್ಯಬೇಕಾದರೆ ನಾನು ಇಡೀ ಮೈಯನ್ನೇ ಒಂದು ಕಡೆಗೆ ವಾಲಿಸಬೇಕಿತ್ತು. ಅವ್ವ ದಿನಾ ಬೆಳಿಗ್ಗೆ ಬೆಚ್ಚಗಿನ ಹರಳೆಣ್ಣೆ ಹಾಕಿ ಭುಜದಿಂದ ಬೆರಳ ತುದಿಯವರೆಗೆ ನೀವುತ್ತಿದ್ದಳು, ಕೈಯನ್ನು ಮೇಲಕ್ಕೆತ್ತಿ ಇಳಿಸುತ್ತಿದ್ದಳು. ಮನೆಯಲ್ಲಿ ನಾನು ಎಡಗೈಯಲ್ಲಿ ಉಣ್ಣುತ್ತಿದ್ದೆ. ಹಬ್ಬ ಹುಣ್ಣಿಮೆಗೆ ನೆಂಟರು ಬಂದಾಗ ಮಾತ್ರ, ನಾಲ್ಕು ಜನರ ಎದುರು ಎಡಗೈ ಊಟ ಬೇಡವೆಂದು, ಅವ್ವ ನನ್ನ ಪಕ್ಕದಲ್ಲಿ ಕೂತು ತಾನೇ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಹತ್ತು ವರ್ಷ ದಾಟಿದ ಮೇಲೂ ಹಾಗೇ. ನನಗೆ ನಾಚಿಕೆಯಾಗುತ್ತಿತ್ತು.

ರಾಟೆಯನ್ನು ಎಲ್ಲರೂ ಬಲಗೈಯಲ್ಲಿ ತಿರುಗಿಸಿ ಎಡಗೈಯಲ್ಲಿ ನೂಲು ಬಿಡುತ್ತಾರೆ. ನನಗದು ಆಗದು. ನನ್ನ ಹಟ ನೋಡಲಾರದೆ ಅಪ್ಪ ರಾಟೆಯನ್ನು ಹೊತ್ತುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಮಾಡುವ ಬಾಷಾ ಸಾಬರ ಬಳಿಗೆ ಹೋದ. ಅವರು ಹಿಡಿಕೆಯನ್ನು ಬಿಚ್ಚಿ ಆಚೆ ಕಡೆಗೆ ಕೂರಿಸಿಕೊಟ್ಟರು. ಕೂಲಿ ಎಷ್ಟೆಂದು ಕೇಳಿದರೆ, ನಿಮ್ಮ ಬೇಟಿ ಕಂಡಿಕೆ ಸುತ್ತಿದ ಮೊದಲ ಸೀರೆ ನಮ್ಮ ಮನೆಯವಳಿಗೆ ತೋರಿಸಿ, ಕೊಳ್ಳೋ ತಾಕತ್ತಂತೂ ಇಲ್ಲ ಎಂದು ನಕ್ಕರಂತೆ. ಅಂದಿನಿಂದ ನಾನು ಎಡಗೈಯಲ್ಲಿ ತಿರುಗಿಸುತ್ತಿದ್ದೆ, ಬಲಗೈ ಬೆರಳುಗಳ ನಡುವೆ ನೂಲು ಬಿಡುತ್ತಿದ್ದೆ. ಬಲಗೈ ಕಂಡಿಕೆಯ ಎತ್ತರಕ್ಕೆ ಬರಬೇಕಾದರೆ ಬಲಪಕ್ಕೆಯನ್ನು ಮೇಲಕ್ಕೆ ತಂದು ಸೊಂಟವನ್ನು ಓರೆ ಮಾಡಿ ಕೂರಬೇಕಿತ್ತು. ಆ ಭಂಗಿ ನನಗೆ ರೂಢಿಯಾಯಿತು. ಶಾಲೆಗೆ ಹೋಗುವ ಮುಂಚೆ ಎರಡು ಗಂಟೆ ಸುತ್ತಿ ಬುಟ್ಟಿ ತುಂಬಿಸಿಟ್ಟು ಹೋಗುತ್ತಿದ್ದೆ, ಬಂದ ಮೇಲೆ ಮೂರು ಗಂಟೆ. ಅವ್ವನಿಗೆ ಆ ರಾಟೆಯ ಮುಂದೆ ಕೂತರೆ ಕೈ ತಡವರಿಸುತ್ತಿತ್ತು, ಬೈದುಕೊಂಡು ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ನನ್ನೊಬ್ಬಳಿಗೇ ಬರುವ ಕೆಲಸವೊಂದಿತ್ತು. ನೇಯುತ್ತ ಅಪ್ಪ ನನ್ನೊಡನೆ ಮಾತಾಡುತ್ತಿದ್ದ. ಗಡಿಯಾಚೆಯ ಸಂತೆಯಲ್ಲಿ ಕಂಡದ್ದು, ನಮ್ಮ ಸೀರೆ ಕೊಳ್ಳುವ ಸಾಹುಕಾರನ ತೆಲುಗು, ಹಿಂದಿನವರು ನೇಯ್ದ ಅಂಚುಗಳು, ಎಲ್ಲ. ಊಟಕ್ಕೆ ಕೂತಾಗ ಮುದ್ದೆಯ ಮೊದಲ ತುತ್ತನ್ನು ಮುರಿದು ನನ್ನ ತಟ್ಟೆಗೆ ಇಡುತ್ತಿದ್ದ. ಕೆಲಸ ಮಾಡಿದವರಿಗೆ ಮೊದಲು ಎನ್ನುತ್ತಿದ್ದ.

ಸೋದರತ್ತೆ ತೀರಿಕೊಂಡ ವರ್ಷ ಗೌರಕ್ಕ ನಮ್ಮ ಮನೆಗೆ ಬಂದಳು. ಅವಳಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಪಾಳಿಯ ಕೆಲಸದವನು, ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡಲಾರದೆ ತಂದು ಬಿಟ್ಟುಹೋದ. ನನಗೆ ಹನ್ನೊಂದು, ಅವಳಿಗೆ ಹದಿನಾಲ್ಕು. ಎತ್ತರ, ನೆಟ್ಟಗೆ ನಿಲ್ಲುವ ಹುಡುಗಿ. ಬಿಂದಿಗೆ ಹೊತ್ತು ಬರುವಾಗ ಒಂದು ಹನಿ ತುಳುಕುತ್ತಿರಲಿಲ್ಲ. ಬಂದ ಮೊದಲ ವಾರ ನನಗೆ ಅವಳೆಂದರೆ ಇಷ್ಟವೇ ಆಗಿತ್ತು. ಒಂದು ದಿನ ಶಾಲೆಯಿಂದ ಬಂದಾಗ ನನ್ನ ರಾಟೆ ತಿರುಗುವ ಸದ್ದು ಕೇಳಿಸಿತು. ಅವ್ವ ಕೂತಿದ್ದರೆ ಆ ಸದ್ದು ಹಾಗಿರುತ್ತಿರಲಿಲ್ಲ. ಒಳಗೆ ಬಂದು ನೋಡಿದರೆ ಗೌರಕ್ಕ ಎಡಗೈಯಲ್ಲಿ ತಿರುಗಿಸುತ್ತ, ಬಲಗೈಯಲ್ಲಿ ನೂಲು ಬಿಡುತ್ತ, ನೆಟ್ಟಗೆ ಕೂತಿದ್ದಳು. ನಾನು ಆರು ತಿಂಗಳಲ್ಲಿ ಕಲಿತದ್ದನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ಕಲಿತಿದ್ದಳು. ಅಪ್ಪ ಅವಳಿಗೆ ಸಾಹುಕಾರನ ತೆಲುಗಿನ ಕತೆಯನ್ನು ಹೇಳುತ್ತಿದ್ದ. ನನಗೆ ಹೇಳಿದ್ದ ಕತೆಯೇ. ಅವಳು ನಾನು ನಗುತ್ತಿದ್ದ ಜಾಗದಲ್ಲೇ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ಮುದ್ದೆಯ ಮೊದಲ ತುತ್ತು ನನಗೇ ಬಂತು, ಎರಡನೆಯದು ಅವಳ ತಟ್ಟೆಗೆ ಹೋಯಿತು. ಅವಳದು ನನ್ನದಕ್ಕಿಂತ ದೊಡ್ಡದು ಎಂದು ನನಗೆ ಕಂಡಿತು. ಆಮೇಲೆ ದಿನಾ ನೋಡತೊಡಗಿದೆ.

ಒಂದು ರವಿವಾರ ನನ್ನ ತಲೆಗೆ ನೀರು ಹಾಕುವ ಕೆಲಸವನ್ನು ಅವ್ವ ಗೌರಕ್ಕನಿಗೆ ಒಪ್ಪಿಸಿದಳು. ಅಲ್ಲಿಯವರೆಗೆ ನನ್ನ ಮೈಯನ್ನು ಹಿಂದಿನಿಂದ ಯಾರೂ ಸರಿಯಾಗಿ ನೋಡಿರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ನಿಜ. ಇಡೀ ಮನೆ ನನ್ನ ಕೈಯನ್ನೇ ನೋಡುತ್ತಿತ್ತು. ಎಣ್ಣೆ ಕೈಗೆ, ಹರಕೆ ಕೈಗೆ, ಬಂದವರ ಕಣ್ಣು ಕೈಯ ಮೇಲೆ. ಲಂಗದ ಅಂಚು ಒಂದು ಕಡೆ ಮೇಲಕ್ಕೆ ನಿಂತರೆ ಅವ್ವ ದರ್ಜಿಯನ್ನು ಬೈದು ಹೊಲಿಗೆ ಬಿಚ್ಚಿ ಇಳಿಸುತ್ತಿದ್ದಳು. ಗೌರಕ್ಕ ಬೆನ್ನುಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

"ಶಾರಿ, ನೆಟ್ಟಗೆ ನಿಂತ್ಕ."

"ನೆಟ್ಟಗೇ ನಿಂತೀನಿ."

"ಇಲ್ಲ ಕಣೆ. ನಿನ್ ಬೆನ್ನು ಹಾವಿನಂಗೆ ಐತೆ. ಒಂದ್ ಕಡೆ ರೆಕ್ಕೆಮೂಳೆ ಎದ್ದೈತೆ."

ನನಗೆ ಅದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ, ಆದರೆ ಗೋಡೆಗೆ ಒರಗಿದಾಗ ಒಂದು ಕಡೆ ಮಾತ್ರ ತಾಗುವುದು ಗೊತ್ತಿತ್ತು. ಬೆನ್ನು ಸೊಟ್ಟಗಾಗಿದೆ ಎಂದು ತಿಳಿದರೆ ಮೊದಲು ಹೋಗುವುದು ರಾಟೆಯ ಜಾಗ ಎಂಬುದೂ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂದು ಅವಳನ್ನು ಬೇಡಿಕೊಂಡೆ. ಅವಳು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ತಲೆಯ ಮೇಲೆ ನೀರು ಸುರಿದಳು. ಸಂಜೆಯೊಳಗೆ ಅಪ್ಪನಿಗೆ ಹೇಳಿದ್ದಳು.

ಅಪ್ಪ ನನ್ನನ್ನು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿದ. ಒಂದೆಳೆ ರೇಷ್ಮೆ ತೆಗೆದು, ಭಾರಕ್ಕೆ ಅದರ ತುದಿಗೆ ಕಂಡಿಕೆಯೊಂದನ್ನು ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕತ್ತಿನ ಮೂಳೆಯ ಮೇಲೆ ಹಿಡಿದ. ಗೋಡೆ ಕಟ್ಟುವವರು ನೂಲು ಬಿಟ್ಟು ನೋಡುತ್ತಾರಲ್ಲ, ಹಾಗೆ. ಎಳೆ ನೇರವಾಗಿ ಇಳಿಯಿತು. ನನ್ನ ಬೆನ್ನುಮೂಳೆ ನಡುವೆ ಎರಡು ಬೆರಳಷ್ಟು ಅದನ್ನು ಬಿಟ್ಟು ಆಚೆಗೆ ಹೋಗಿ, ಸೊಂಟದ ಹತ್ತಿರ ಮತ್ತೆ ಈಚೆಗೆ ಬಂದಿತ್ತಂತೆ. ಅಪ್ಪ ಎಳೆಯನ್ನು ಬೆರಳಿಗೆ ಸುತ್ತಿಕೊಂಡ. ಅವ್ವ, ಹತ್ತು ವರ್ಷ ಎಣ್ಣೆ ಹಚ್ಚಿದೆ, ನಾಲ್ಕು ಬೆರಳು ಆಚೆಗೆ ಕಣ್ಣು ಹಾಯಿಸಲಿಲ್ಲ ಎಂದು ಬಹಳ ಹೊತ್ತು ಅತ್ತಳು. ಆಗಲೂ ನಾನು ನೋಡಿದ್ದು ಗೌರಕ್ಕನನ್ನು. ಅವಳು ನನ್ನ ರಾಟೆಯ ಪಕ್ಕ ನಿಂತಿದ್ದಳು.

ದೊಡ್ಡಾಸ್ಪತ್ರೆಯ ವೈದ್ಯರು ಅಪ್ಪನಿಗೆ ನಿಧಾನವಾಗಿ ವಿವರಿಸಿದರು. ಹುಟ್ಟುವಾಗ ಕೈಯ ನರಕ್ಕೆ ಪೆಟ್ಟಾದ ಮಕ್ಕಳಲ್ಲಿ ಕೆಲವರಿಗೆ ಬೆಳೆಯುತ್ತ ಹೋದಂತೆ ಬೆನ್ನೂ ಬಾಗುವುದುಂಟು. ಒಂದು ಕಡೆಯ ಸ್ನಾಯು ಎಳೆಯುತ್ತದೆ, ಇನ್ನೊಂದು ಕಡೆಯದು ಎಳೆಯುವುದಿಲ್ಲ. ಕೈ ಮಾಡದ ಕೆಲಸವನ್ನು ಮಗು ಬೆನ್ನಿನಿಂದ ಮಾಡಿಸುತ್ತದೆ. ರಾಟೆಯೊಂದರಿಂದಲೇ ಆದದ್ದಲ್ಲ, ಹಾಗೆಂದು ಹಾಗೆ ಓರೆಯಾಗಿ ಗಂಟೆಗಟ್ಟಲೆ ಕೂರುವುದೂ ಬೇಡ. ಈ ವಯಸ್ಸಿನಲ್ಲಿ ಬೇಗ ಬೆಳೆಯುತ್ತಾಳೆ, ಬಾಗು ಹೆಚ್ಚದ ಹಾಗೆ ನೋಡಿಕೊಳ್ಳಬೇಕು. ಕಂಕುಳಿನಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚವೊಂದನ್ನು ಮಾಡಿಸಿಕೊಟ್ಟರು. ಸ್ನಾನಕ್ಕೆ ಬಿಟ್ಟರೆ ಉಳಿದ ಹೊತ್ತೆಲ್ಲ ಹಾಕಿರಬೇಕು. ಅದನ್ನು ಬಿಗಿದ ಮೇಲೆ ನನಗೆ ವಾಲಲು ಆಗುತ್ತಿರಲಿಲ್ಲ. ವಾಲದೆ ನನ್ನ ಬಲಗೈ ಕಂಡಿಕೆಗೆ ತಲುಪುತ್ತಿರಲಿಲ್ಲ. ಮನೆಗೆ ಬಂದ ದಿನವೇ ಗುಟ್ಟಾಗಿ ಕೂತು ನೋಡಿದೆ. ನಾಲ್ಕು ಬೆರಳು ಕಡಿಮೆ ಬಿತ್ತು.

ಹೀಗೆ ಗೌರಕ್ಕ ನನ್ನ ಜಾಗಕ್ಕೆ ಬಂದಳು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಮರದ ಗೊಂಬೆಯಂತೆ ಕೂತು, ಶಾಲೆಯ ಪುಸ್ತಕ ಹಿಡಿದು, ಅಪ್ಪ ಅವಳಿಗೆ ಹೇಳುವ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದೆ. ಅಪ್ಪ ಅವಳ ಕಂಡಿಕೆಗಳನ್ನು ಹೊಗಳಲಿಲ್ಲ, ನನ್ನವನ್ನೂ ಯಾವತ್ತೂ ಹೊಗಳಿದವನಲ್ಲ. ಆದರೆ ಮಗ್ಗ ಈಗ ಮೊದಲಿಗಿಂತ ಬೇಗ ಓಡುತ್ತಿತ್ತು. ಆ ಸದ್ದನ್ನು ಕೇಳುತ್ತ ಕೇಳುತ್ತ ನನಗೆ ಅನ್ನ ಸೇರದಾಯಿತು. ಕವಚ ಹೊಟ್ಟೆಗೆ ಒತ್ತುತ್ತದೆ, ಅದಕ್ಕೇ ಉಣ್ಣುತ್ತಿಲ್ಲ ಎಂದು ಅವ್ವ ತಿಳಿದಳು.

ಬೇಸಿಗೆ ರಜೆಯಲ್ಲಿ ಮದುವೆಯ ಸೀರೆಯೊಂದು ಮಗ್ಗಕ್ಕೆ ಏರಿತ್ತು, ಒಡಲು ಗಿಣಿಹಸಿರು. ಅದೇ ಹಸಿರಿನ ಹಳೆಯ ನೂಲು ಸ್ವಲ್ಪ ಉಳಿದದ್ದನ್ನು ಅಪ್ಪ ದೇವರ ಪಟದ ಹಿಂದಿನ ಗೂಡಿನಲ್ಲಿ ಇಟ್ಟಿದ್ದ. ಬೇರೆ ಸಲ ಬೇರೆ ಹಂಡೆಯಲ್ಲಿ ಬಣ್ಣ ಅದ್ದಿದ್ದು. ಒಂದರ ಪಕ್ಕ ಒಂದಿಟ್ಟರೂ ಮಗ್ಗದ ಕೋಣೆಯ ಮಂದ ಬೆಳಕಿನಲ್ಲಿ ವ್ಯತ್ಯಾಸ ಕಾಣದು. ನೇಯ್ದ ಮೇಲೆ ಬಿಸಿಲಿಗೆ ಹಿಡಿದರೆ ಪಟ್ಟೆ ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ಅಪ್ಪನೇ. ಒಂದು ಮಧ್ಯಾಹ್ನ ಅಪ್ಪ ಸಾಹುಕಾರನಲ್ಲಿಗೆ ಹೋಗಿದ್ದ, ಅವ್ವ ಮತ್ತು ಗೌರಕ್ಕ ಬಟ್ಟೆ ಒಗೆಯಲು ಹೋಗಿದ್ದರು. ನಾನು ಕವಚದ ಪಟ್ಟಿಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ನನ್ನ ರಾಟೆಯ ಮುಂದೆ ನನ್ನ ಹಾಗೆಯೇ ಓರೆಯಾಗಿ ಕೂತು, ಹಳೆಯ ನೂಲಿನಿಂದ ಐದು ಕಂಡಿಕೆ ಸುತ್ತಿದೆ. ಗೌರಕ್ಕನ ಬುಟ್ಟಿಯಿಂದ ಐದು ತೆಗೆದು, ಆ ಜಾಗಕ್ಕೆ ಇವನ್ನು ಇಟ್ಟೆ. ಎಷ್ಟು ದಿನದ ಮೇಲೆ ಆ ಕೆಲಸ ಮಾಡಿದ್ದೆನೆಂದರೆ, ಮಾಡುತ್ತಿರುವುದು ಏನೆಂಬುದು ಮರೆತು ಖುಷಿಯಾಗಿತ್ತು.

ನೇಯ್ದು ಮುಗಿಸಿ ಅಪ್ಪ ಕೊಂಡೊಯ್ದಾಗ ಸಾಹುಕಾರ ತನ್ನ ಅಂಗಡಿಯ ಜಗಲಿಯ ಮೇಲೆ, ಬಿಸಿಲಿನಲ್ಲಿ, ಸೀರೆ ಬಿಚ್ಚಿದ. ಒಡಲಿನ ನಟ್ಟನಡುವೆ ಗೇಣಗಲ ಬೇರೆ ಹಸಿರು. ಮದುವೆಯ ಸೀರೆಗೆ ಹೀಗಾದರೆ ಯಾರು ಮುಟ್ಟುತ್ತಾರೆ ಎಂದು ಮಡಚಿ ಅಪ್ಪನ ಕೈಗೇ ಕೊಟ್ಟು ಕಳಿಸಿದನಂತೆ. ಅಪ್ಪ ಮನೆಗೆ ಬಂದು ಸೀರೆಯನ್ನು ಅಂಗಳದಲ್ಲಿ ಹರಡಿ ನಮಗೆಲ್ಲ ತೋರಿಸಿದ. ಕಂಡಿಕೆ ಸುತ್ತಿದ್ದು ಯಾರು ಎಂದು ಕೇಳಲೇ ಬೇಕಿರಲಿಲ್ಲ. ಗೌರಕ್ಕ ಪಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಾನೇ ಬುಟ್ಟಿ ಸರಿಯಾಗಿ ನೋಡ್ಕಳ್ಲಿಲ್ಲ ಮಾಮ," ಎಂದಳು.

ಅವ್ವ ಅವಳನ್ನು ಒಂದು ಮಾತೂ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು, ನಿಮ್ಮಪ್ಪನಿಗೂ ಅಡಿಗೆ ಮಾಡಿ ಹಾಕುವವರು ಬೇಕಲ್ಲ ಎಂದಳು. ಅಪ್ಪ ಚಳ್ಳಕೆರೆ ಬಸ್ಸು ಹತ್ತಿಸಿ ಬಂದ.

ನಾನು ಬಯಸಿದ್ದು ಸಿಕ್ಕಿತ್ತು. ಆದರೆ ಕವಚ ಹಾಕಿಕೊಂಡು ಸುತ್ತಲಾರೆ. ಅವ್ವ ಅಡಿಗೆಯ ನಡುವೆ ಬಂದು ಬೈದುಕೊಳ್ಳುತ್ತ ನಾಲ್ಕು ಸುತ್ತಿ ಹೋಗುತ್ತಿದ್ದಳು. ಕಂಡಿಕೆ ಮುಗಿದು ಮಗ್ಗ ನಿಲ್ಲುತ್ತಿತ್ತು. ಅಪ್ಪ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ಕೂತಿರುತ್ತಿದ್ದ. ಕತೆ ಹೇಳುತ್ತಿರಲಿಲ್ಲ. ಆ ಮೌನ ತಡೆಯಲಾರದೆ ನಾನು ದಿನಾ ಬಚ್ಚಲಿಗೆ ಹೋಗಿ ಕವಚ ಬಿಚ್ಚಿ, ಅದನ್ನು ಬಾಗಿಲ ಹಿಂದೆ ನೇತುಹಾಕಿ, ಮೇಲೊಂದು ದೊಡ್ಡ ರವಿಕೆ ತೊಟ್ಟು ಬಂದು ರಾಟೆಯ ಮುಂದೆ ಕೂರತೊಡಗಿದೆ. ಆರಾಮಾಗಿದೆ ಅಪ್ಪ, ಕವಚ ಈಗ ಸಡಿಲಾಗಿದೆ ಎಂದೆ. ಮೂರನೆಯ ವಾರವೋ ಏನೋ, ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಕವಚವನ್ನು ಕೈಯಲ್ಲಿ ಹಿಡಿದು ಬಂದು ನನ್ನೆದುರು ಕೂತ.

"ಕಂಡಿಕೆ ಯಾರ್ ಸುತ್ತಿದ್ರೂ ಸೀರೆ ಆಗ್ತೈತೆ ಶಾರಿ," ಎಂದ. "ನಿನ್ ಬೆನ್ನು ಹಂಗಲ್ಲ."

ಅವನು ಹೇಳಿದ್ದು ನನ್ನ ಒಳ್ಳೆಯದಕ್ಕೆ. ನನಗೆ ಕೇಳಿಸಿದ್ದು, ನೀನಿಲ್ಲದಿದ್ದರೂ ನಡೆಯುತ್ತದೆ ಎಂಬುದು ಮಾತ್ರ. ಅಳು ಬಂತು. ಯಾರು ಸುತ್ತಿದರೂ ಆಗಲ್ಲ, ನಾನು ಸುತ್ತಿದ್ದಕ್ಕೇ ಆ ಸೀರೆ ಕೆಟ್ಟಿದ್ದು ಎಂದುಬಿಟ್ಟೆ. ಅಪ್ಪನ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಪಟದ ಹಿಂದಿನ ಗೂಡು ಗೌರಿಗೆ ಗೊತ್ತಿರ್ಲಿಲ್ಲ. ನಿನಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ನಿನ್ ಬಾಯಿಂದ ಬರ್ಲಿ ಅಂತ ಕಾದೆ."

"ಮತ್ತೆ ಅವಳನ್ನ ಯಾಕೆ ಕಳಿಸ್ದೆ?"

"ತಪ್ಪು ಮಾಡ್ದೆ," ಎಂದ ಅಪ್ಪ. "ನಾಳೆ ಹೋಗಿ ಕರ್ಕಂಡು ಬರಾನ. ನೀನೇ ಕರೀಬೇಕು. ನಾನ್ ಕರದ್ರೆ ಅವಳು ಬರಲ್ಲ."

ಚಳ್ಳಕೆರೆಯಲ್ಲಿ ಅವರ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ಓಣಿಗೆಲ್ಲ ಶೇಂಗಾ ಹಿಂಡಿಯ ವಾಸನೆ. ಅಪ್ಪ ಭಾವನನ್ನು ಕಾಣಲು ಮಿಲ್ಲಿಗೆ ಹೋದ, ನಾನೊಬ್ಬಳೇ ಒಳಗೆ ಹೋದೆ. ಗೌರಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಹಳೆಯ ನೂಲು, ಐದು ಕಂಡಿಕೆ, ಅಪ್ಪನಿಗೆ ಒಪ್ಪಿಕೊಂಡದ್ದು. ಅವಳು ರೊಟ್ಟಿ ತಿರುವಿಹಾಕಿದಳು.

"ಅಂಗಳದಾಗೇ ಗೊತ್ತಾತು ಕಣೆ. ಪಟ್ಟೆ ನೋಡಾಕಿಂತ ಮುಂಚೆ ನೀನು ನನ್ನೇ ನೋಡ್ತಿದ್ದೆ."

"ಹೇಳ್ಬೋದಿತ್ತಲ್ಲ."

"ನಿನ್ ಬೆನ್ನಿನ ವಿಷ್ಯ ಹೇಳಿದ್ನಲ್ಲ, ಅದೇ ಸಾಕಾತು." ಒಲೆಗೆ ಸೌದೆ ತಳ್ಳಿ ಅವಳೇ ಮುಂದುವರಿಸಿದಳು. "ಅದನ್ನ ನಿನ್ ಒಳ್ಳೇದಕ್ಕೆ ಹೇಳ್ದೆ ಅಂತ ಎಲ್ಲಾರೂ ಹೊಗಳಿದ್ರು. ಅರ್ಧ ಅದಕ್ಕೆ. ಇನ್ನರ್ಧ ಮಾಮನ ಪಕ್ಕ ಕೂರಾಕೆ. ಹಬ್ಬದ ದಿನ ನಿಮ್ಮವ್ವ ನಿನ್ ಬಾಯಿಗೆ ತುತ್ತು ಇಡ್ತಿದ್ಲಲ್ಲ, ನನಗೂ ಒಂದ್ ಕೈ ಬಿದ್ದೋಗಿದ್ರೆ ಅಂತ ಅನ್ಕಂಡೀನಿ. ಮನ್ಯಾಗೆ ಹಂಗ್ ಅನ್ಕಳೋರು ಇರಬಾರ್ದು, ನೋಡು."

ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ನನ್ನ ಎಡಗೈಗೆ ಕೊಟ್ಟಳು. ಬಿಸಿಯಿದೆ, ಬಲಗೈಯಲ್ಲಿ ಹಿಡಿಯಬೇಡ ಎಂದಳು. ನಾನು ಅವಳೆದುರು ಕೂತು ತಿಂದೆ. ಅವಳು ಕೈಗೆ ಅಂಟಿದ್ದ ಹಿಟ್ಟನ್ನು ನಿಧಾನವಾಗಿ ಬಿಡಿಸುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಬಂದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಮೂಲೆಯಲ್ಲಿ ಅವಳ ಚೀಲ ಇನ್ನೂ ಪೂರ್ತಿ ಬಿಚ್ಚದೆ ಗೋಡೆಗೆ ಒರಗಿತ್ತು. ಬಾ ಎನ್ನಬೇಕಿತ್ತು. ಅಪ್ಪ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಟ್ಟಿದ್ದ. ಅವಳು ಬಂದರೆ ರಾಟೆಯ ಮುಂದೆ ನೆಟ್ಟಗೆ ಕೂರುತ್ತಾಳೆ, ಮಗ್ಗ ಬೇಗ ಓಡುತ್ತದೆ, ನಾನು ಹೊಸ್ತಿಲ ಮೇಲೆ ಕೂತು ಕೇಳಿಸಿಕೊಳ್ಳಬೇಕು. ರೊಟ್ಟಿ ಮುಗಿಯಿತು. ನೀರು ಕುಡಿದೆ. ಹೊರಗೆ ಅಪ್ಪನ ಕೆಮ್ಮು ಕೇಳಿಸಿತು. ಬರ್ತೀನಿ ಗೌರಕ್ಕ ಎಂದು ಎದ್ದೆ.

"ಹೂಂ. ಕವಚ ಬಿಚ್ಚಬ್ಯಾಡ," ಎಂದಳು.

ಊರಿಗೆ ಬಸ್ಸು ಹತ್ತಿದೆವು. ದಾರಿಯಲ್ಲಿ ತಳಕು ದಾಟಿದ ಮೇಲೆ ಅಪ್ಪ, ಕರದೇನವ್ವ ಎಂದು ಕೇಳಿದ. ಕರೆದೆ, ಬರಲ್ಲ ಅಂದಳು ಎಂದೆ. ಅಪ್ಪ ಕಿಟಕಿಯ ಕಡೆಗೆ ತಿರುಗಿದ. ಬೇಜಾರಾಯಿತೇ ಎಂದು ಕೇಳಿದರೆ ಹೂಂ ಎಂದ. ಆ ಒಂದು ಹೂಂಗೂ ನಾನು ಹೊಟ್ಟೆಕಿಚ್ಚುಪಟ್ಟೆ.

ನನ್ನ ಬೆನ್ನು ಅಲ್ಲಿಗೇ ನಿಂತಿತು. ಮೂರು ವರ್ಷ ಕವಚ ತೊಟ್ಟೆ, ಬಾಗು ಹೆಚ್ಚಲಿಲ್ಲ, ಹೋಗಲೂ ಇಲ್ಲ. ಬಾಷಾ ಸಾಬರು ಹಿಡಿಕೆಯನ್ನು ಮತ್ತೆ ಬಲಕ್ಕೆ ಕೂರಿಸಿಕೊಟ್ಟರು, ಅವ್ವನೇ ಸುತ್ತಿದಳು. ಗೌರಕ್ಕ ಮದುವೆಯಾಗಿ ಚಳ್ಳಕೆರೆಯಲ್ಲೇ ಉಳಿದಳು, ನನ್ನ ಮದುವೆಗೆ ಬಂದು ನನಗೆ ಅರಿಶಿನ ಹಚ್ಚಿದಳು, ನನ್ನ ಎರಡು ಬಾಣಂತನ ಮಾಡಿದಳು. ನಾನು ಕರೆಯಲಿಲ್ಲ ಎಂಬುದನ್ನು ನಗೆಗೂ ಒಮ್ಮೆ ಎತ್ತಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಮೊನ್ನೆ ಅವಳ ತಿಥಿಯ ದಿನ ಅಪ್ಪನನ್ನು ಕೈಹಿಡಿದು ಕರೆತಂದು ಪಡಸಾಲೆಯಲ್ಲಿ ಕೂರಿಸಿದ್ದೆ. ಈಗ ಅವನಿಗೆ ಮಗ್ಗವಿಲ್ಲ, ಕಣ್ಣೂ ಮಂಜು. ಕೂತಲ್ಲಿಂದಲೇ ನನ್ನ ಕಡೆಗೆ ವಾಲಿದ.

"ಅವತ್ತು ನೀನ್ ಕರದಾಗ ಅವಳು ಬಂದಿದ್ರೆ, ನಾಕು ವರ್ಷ ನಮ್ ಮನ್ಯಾಗೆ ಇರ್ತಿದ್ಲು."

ಒಳಗೆ ಅವಳ ಮಗಳು ಎಡೆ ಬಡಿಸುತ್ತಿದ್ದಳು. ಈಗಲಾದರೂ ಹೇಳಬಹುದಿತ್ತು. ಅಪ್ಪ ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ಹೂಂ ಅಪ್ಪ," ಎಂದೆ. "ಹಟಮಾರಿ ಅವಳು."